ತಗ್ಗು

ಮೊದಲು ನಿನ್ನ ತೂಕ ಹೇಳು ಅಂದ ಉರೋಷ್,
ಪಂಪಿನ ಮುಳ್ಳು ನೋಡುತ್ತ.
ಐವತ್ತೆರಡು ವರ್ಷದಲ್ಲಿ ಡಾಕ್ಟರನ್ನು ಬಿಟ್ಟು
ಯಾವ ಗಂಡಸೂ ಕೇಳಿರಲಿಲ್ಲ ಅದನ್ನು.
ಬರೀ ಮೈಯದ್ದಲ್ಲ, ಅಂದ,
ಬೂಟು, ಹೆಲ್ಮೆಟ್ಟು, ಬೆನ್ನಚೀಲ, ನೀರು,
ಹೊತ್ತೊಯ್ಯುವುದೆಲ್ಲ ಸೇರಿಸಿ.

ಹೊತ್ತೊಯ್ಯುವುದೆಲ್ಲ ಸೇರಿಸಿದರೆ
ಅವನ ಪಂಪಿನಲ್ಲಿ ಅಷ್ಟು ಗಾಳಿ ಎಲ್ಲಿಯದು?
ಎಪ್ಪತ್ತೊಂದು, ಅಂದೆ.

ಇದು ಮೂರನೆಯ ಶನಿವಾರ.
ಮೊದಲ ವಾರ ತೋರಿಸಿದ್ದು ಗರಿಯಂಥದ್ದು,
ಎರಡೇ ಬೆರಳಲ್ಲಿ ಎತ್ತಿದ.
ಪೆತ್ಸ ಬೆಟ್ಟದ ಏರನ್ನು ಗಟಗಟ ಕುಡಿಯುತ್ತೆ ಅಂದ.
ಕುಡಿಯಿತು, ನಿಜ.
ಇಳಿಯುವಾಗ ಒಂದೊಂದು ಬೇರಿಗೂ
ನನ್ನ ಹಲ್ಲು ಲೆಕ್ಕ ಒಪ್ಪಿಸಿತು.

ಎರಡನೆಯದು ಕೋಣ.
ಗೇಣುದ್ದ ಕುಸಿಯುವ ಫೋರ್ಕು,
ಇಳಿಜಾರಿನಲ್ಲಿ ಸೋಫಾ,
ಏರಿನಲ್ಲೂ ಸೋಫಾ.
ಸೋಫಾ ಹೊತ್ತು ಮಹಡಿ ಹತ್ತಿದವರನ್ನು ಕೇಳಿ.

ಬ್ಯಾಟರಿಯದ್ದು ಮಾತ್ರ ಬೇಡ ಅಂದೆ.
ಬ್ಯಾಟರಿ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ನಿಂತೇ ಇದ್ದ ಕಾಲುಗಳಿವು,
ಇನ್ನಾದರೂ ತಿರುಗಲಿ.

ನನಗೆ ಬೇಕಾದ್ದು ಎಲ್ಲಕ್ಕೂ ಸಲ್ಲುವ ಒಂದು.
ಗುರುವಾರ ನಾದಿನಿ ತಿಲ್ಕಾಳ ಜೇನುಗೂಡುಗಳವರೆಗೆ ಹತ್ತಬೇಕು,
ಭಾನುವಾರ ಹೆಂಗಸರ ಗುಂಪಿನ ಜೊತೆ ಕಿರುಚುತ್ತ ಇಳಿಯಬೇಕು,
ಬ್ರೆಡ್ಡಿಗೆ ಹೋಗಬೇಕು.
ಶೆಡ್ಡಿನಲ್ಲಿ ಒಂದಕ್ಕೇ ಜಾಗ,
ಪಾಸ್‌ಬುಕ್ಕಿನಲ್ಲಿ ಒಂದಕ್ಕೂ ಇಲ್ಲ.

ಹಾಗೆ ಬಂತು ಇದು.
ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಶನ್ನು,
ತೀರಾ ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ,
ಗಾಲಿ ಮಾತ್ರ ಇಪ್ಪತ್ತೊಂಬತ್ತು ಇಂಚು.
ದೊಡ್ಡಣ್ಣನ ಕೋಟು ಹಾಕಿಕೊಂಡ ಹುಡುಗಿ ಹಾಗಿದ್ದೀ,
ತಿಲ್ಕಾ ನಕ್ಕಳು.
ಸುಳ್ಳಲ್ಲ. ಕಡಿದಾದಲ್ಲಿ ಹಿಂದೆ ಸರಿದರೆ
ಟೈರು ಕುಂಡೆ ಸವರುತ್ತದೆ.
ಬಿಗಿ ತಿರುವಿನಲ್ಲಿ ತಿರುಗು ಅಂದರೆ
ಒಂದು ಗಳಿಗೆ ಯೋಚಿಸುತ್ತದೆ, ಮುದಿ ಎತ್ತಿನ ಹಾಗೆ.
ಆದರೆ ಆ ಬೀಚ್ ಮರಗಳ ಕೆಳಗೆ,
ಹಾವಿನ ಹುತ್ತ ಒಡೆದಂತೆ ಬೇರು ಹರಡಿದಲ್ಲಿ,
ಚಿಕ್ಕ ಗಾಲಿ ಬಿದ್ದೇಬಿಡುವ ಗುಂಡಿಗೆ
ಇದು ಇಣುಕಿ ನೋಡಿ
ಹಾಗೇ ಮುಂದೆ ಹೋಯಿತು.

ಅಪ್ಪ ಬೋಲ್ತೆಜಾರನ ಸೈಕಲ್ಲಿಗೆ
ಸಸ್ಪೆನ್ಶನ್ನು ಅಂತ ಇದ್ದದ್ದು ಅವನ ಮೊಣಕಾಲು.
ಬೆಳಗಿನ ನಾಲ್ಕಕ್ಕೆ ಸೀಸದ ಗಣಿಯ ಬಾಯಿಗೆ,
ಕತ್ತಲಿಂದ ಕತ್ತಲಿಗೆ.
ಗಣಿ ಮುಚ್ಚುವ ಹೊತ್ತಿಗೆ
ಎರಡು ಮೊಣಕಾಲೂ ಮುಚ್ಚಿದ್ದವು.
ಕಲ್ಲಿನ ಜೊತೆ ಹಟ ಬೇಡ ಮಗಳೇ, ಅನ್ನುತ್ತಿದ್ದ,
ಅದರ ಹತ್ತಿರ ಟೈಮು ಜಾಸ್ತಿ ಇದೆ.

ಈಗ ಉರೋಷ್ ಹ್ಯಾಂಡಲ್ ಹಿಡಿದಿದ್ದಾನೆ.
ಶಾಕಿನ ಮೇಲಿನ ರಬ್ಬರ್ ಉಂಗುರ ಸರಿಸಿ
ಕೂತುಕೋ ಅನ್ನುತ್ತಾನೆ, ಮೆಲ್ಲಗೆ, ಹಾರಬೇಡ.
ಕೂತೆ. ಉಸ್ಸೆಂದು ತಗ್ಗಿತು.
ಇಳಿದೆ. ಉಂಗುರ ನಿಂತ ಜಾಗ ಅಳೆದ.
ಮೂರರಲ್ಲೊಂದು ಪಾಲು, ಹೆಚ್ಚುಕಮ್ಮಿ. ಸರಿ ಇದೆ.

ಏನು ಸರಿ? ಇನ್ನೂ ಒಂದು ಕಲ್ಲೂ ಬಂದಿಲ್ಲ,
ಅಂಗಡಿ ಬಾಗಿಲು ದಾಟಿಲ್ಲ,
ಆಗಲೇ ಇಷ್ಟು ಸೋತರೆ ಹೇಗೆ?

ಎಣ್ಣೆಗೈ ಒರೆಸಿಕೊಂಡ.
ಉಬ್ಬು ಬಂದರೆ ಎಲ್ಲ ಶಾಕೂ ಕುಗ್ಗುತ್ತೆ,
ಅದೇನು ದೊಡ್ಡದಲ್ಲ.
ಗುಂಡಿ ಬಂದಾಗ ನೋಡು.
ಮೊದಲೇ ತಗ್ಗಿದ್ದರೆ ತಾನೇ
ಗಾಲಿ ಕೆಳಗೆ ಚಾಚಿ ನೆಲ ಹುಡುಕೋದು?
ಇಲ್ಲದಿದ್ದರೆ ನೆಲ ಕೈಬಿಡುತ್ತೆ.

ನನಗೆ ಏನೋ ಹೇಳಬೇಕೆನಿಸಿ
ಬಣ್ಣ ಬೇರೆ ಇದೆಯಾ ಅಂತ ಕೇಳಿದೆ.
ಇಲ್ಲ. ಪಾಚಿ ಹಸಿರು ಒಂದೇ.
ಹದಿನೆಂಟು ಕಂತು. ಸಹಿ ಹಾಕಿದೆ.

ಒಂದು ಬೆಲ್ಲು ಹಾಕಿಕೊಡು.
ಇಂಥ ಸೈಕಲ್ಲಿಗೆ ಬೆಲ್ಲಾ? ನಕ್ಕ.
ಗಣಿಯೊಳಗೂ ಈಗ ಸೈಕಲ್ ಬಿಡುತ್ತಾರಲ್ಲ,
ಹಣೆಗೆ ದೀಪ ಕಟ್ಟಿಕೊಂಡು.
ಅಲ್ಲಿಗೆ, ಅಂದೆ.

ಯಾರಿಗೆ ಕೇಳಿಸೋದಕ್ಕೆ ಅಂತ ಅವನು ಕೇಳಲಿಲ್ಲ.
ಅವನಜ್ಜನೂ ಅಲ್ಲಿಯವನೇ.
ಡ್ರಾಯರು ಎಲ್ಲ ಜಾಲಾಡಿ
ಹಿತ್ತಾಳೆಯದೊಂದು ತಂದ,
ಒಮ್ಮೆ ಬಾರಿಸಿ ನೋಡಿದ,
ಬಿಲ್ಲಿಗೆ ಸೇರಿಸಲಿಲ್ಲ.